ಖಾಲಿ ಹೊಟ್ಟೆಯ ಶುಗರ್ ನಾರ್ಮಲ್ ಇದ್ದರೂ ಎಚ್‌ಬಿಎ1ಸಿ ಜಾಸ್ತಿ ಬರುವುದು ಯಾಕೆ?

ಮಂಡ್ಯದಲ್ಲಿರುವ ಅಪ್ಪನಿಗೆ ಹೀಗೆ ರಿಪೋರ್ಟ್ ಬಂದಿದೆ, ಲ್ಯಾಬಿನವರದ್ದೇ ತಪ್ಪಾ ಅಂತ ಕೇಳಿದ್ದೀರಿ. ತಪ್ಪೇ ಆಗಬೇಕೆಂದಿಲ್ಲ. ನಾನು ಮೈಸೂರಿನಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ, ಓಪಿಡಿಯಲ್ಲೂ ಜನ ಇದನ್ನೇ ಕೇಳುತ್ತಾರೆ.

ರಕ್ತದಲ್ಲಿರುವ ಸಕ್ಕರೆ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಅಂಟಿದ್ದು ಆ ಕಣ ಸಾಯುವವರೆಗೂ ಹಾಗೇ ಇರುತ್ತದೆ. ಕಣದ ಆಯಸ್ಸು ಸುಮಾರು 120 ದಿನ. ಹೀಗೆ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಶೇಕಡಾ ಎಷ್ಟಿದೆ ಎಂದು ಅಳೆಯುವ ಟೆಸ್ಟೇ ಎಚ್‌ಬಿಎ1ಸಿ. ಹಾಗಾಗಿ ಅದು ಹಿಂದಿನ 2–3 ತಿಂಗಳ ಶುಗರ್‌ನ ಸರಾಸರಿ ಹೇಳುತ್ತದೆ. ರಾತ್ರಿ ಮುದ್ದೆ ಅರ್ಧ ಮಾಡಿ ಬೆಳಿಗ್ಗೆ ರಕ್ತ ಕೊಟ್ಟರೆ ಖಾಲಿ ಹೊಟ್ಟೆಯ ಶುಗರ್ ಇಳಿಯಬಹುದು, ಎಚ್‌ಬಿಎ1ಸಿ ಇಳಿಯಲ್ಲ. ಊಟದ ನಂತರ ಏರುವ ಶುಗರ್ ಕೂಡ ಇದರಲ್ಲಿ ಸೇರಿರುತ್ತದಲ್ವಾ!

ಎಚ್‌ಬಿಎ1ಸಿ 6.5% ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಡಯಾಬಿಟಿಸ್ ಎಂದು ಲೆಕ್ಕ. ಸಾಮಾನ್ಯವಾಗಿ ಮತ್ತೊಂದು ಟೆಸ್ಟ್ ಮಾಡಿ ಖಚಿತಪಡಿಸುತ್ತಾರೆ. ರಕ್ತಹೀನತೆ ಇದ್ದರೆ ಈ ಅಂಕಿ ಏರುಪೇರಾಗಬಹುದು. ಅಪ್ಪನ ಹಿಮೋಗ್ಲೋಬಿನ್ ರಿಪೋರ್ಟನ್ನೂ ಡಾಕ್ಟರಿಗೆ ತಪ್ಪದೇ ತೋರಿಸಿ.