ಕೊರಿಯಾದಲ್ಲಿ ಟೀಮ್ ಜೊತೆ ಪಬ್‌ಗೆ ಹೋಗೋ ಮುಂಚೆ ಏನು ತಿಂದುಕೊಂಡು ಹೋದ್ರೆ ಅಲ್ಲಿನ ಮದ್ಯ ಸೋಜುವನ್ನ ತಡೆದುಕೊಳ್ಳಬಹುದು? ನಾನು ಸಸ್ಯಾಹಾರಿ.

ಏನೂ ತಿನ್ನಬೇಡಿ, ಹಸಿದುಕೊಂಡೇ ಹೋಗಿ. 2017ರ ನವೆಂಬರಲ್ಲಿ ಮೂರು ತಿಂಗಳ ಕೆಲಸಕ್ಕೆ ಕೊರಿಯಾದ ಸುವೊನ್ ನಗರಕ್ಕೆ ಹೋದಾಗ ನಾನೂ ಇದೇ ಲೆಕ್ಕ ಹಾಕಿದ್ದೆ. ರೂಮಲ್ಲಿ ಅನ್ನ ಮಾಡಿ, ಮೊಸರು ಕಲಸಿ, ಹೊಟ್ಟೆ ಬಿರಿಯ ತಿಂದು ಹೊರಟೆ. ಅದರಿಂದ ಆಗಿದ್ದು ಇಷ್ಟೇ: ಬಿಸಿಬಿಸಿ ಕೋಳಿ ಬಂದಾಗ ಹೊಟ್ಟೇಲಿ ಜಾಗ ಇರಲಿಲ್ಲ.

ಅಲ್ಲಿನ ಪಬ್ ನಮ್ಮ ಬೆಂಗಳೂರಿನ ಪಬ್ ಥರ ಅಲ್ಲ ರೀ. ಹೋಫ್ ಅಂತಾರೆ, ಪದ ಜರ್ಮನ್ನರದು. ಅಲ್ಲಿ ಬರೀ ಕುಡಿಯೋಕೆ ಅಂತ ಯಾರೂ ಕೂರಲ್ಲ, ಜೊತೆಗೆ ಅಂಜು ಬೇಕೇ ಬೇಕು. ಅಂಜು ಅಂದ್ರೆ ಅಂಜಬೇಡಿ, ಕುಡಿತದ ಜೊತೆ ತಿನ್ನೋ ಐಟಮ್‌ಗಳಿಗೆ ಇರೋ ಹೆಸರು. ನಾವು ಕೂತ ತಕ್ಷಣ ಒಂದು ಬಟ್ಟಲು ಜೋಳದ ಪುರಿ ಬಂತು, ಅದಕ್ಕೆ ದುಡ್ಡಿಲ್ಲ. ಆಮೇಲೆ ಅರ್ಧ ಗರಿಗರಿ, ಅರ್ಧ ಕೆಂಪು ಸಿಹಿಖಾರದ ಗೊಜ್ಜು ಹಚ್ಚಿದ ಕೋಳಿ, ಜೊತೆಗೆ ಹುಳಿಯಲ್ಲಿ ನೆನೆಸಿದ ಬಿಳಿ ಮೂಲಂಗಿ ತುಂಡು. ಕೋಳಿಗಿಂತ ಆ ಮೂಲಂಗಿಯನ್ನೇ ಜಾಸ್ತಿ ತಿಂದೆ ಅನ್ನಿ.

ಈಗ ನನ್ನ ತಪ್ಪಿಗೆ ಬರ್ತೀನಿ. ಗ್ಲಾಸ್ ಖಾಲಿ ಮಾಡಿದೆ. ಅಷ್ಟೇ ತಪ್ಪು.

ಅರಸೀಕೆರೆ ಕಡೆಯವನು ನಾನು. ಯಾರದಾದ್ರೂ ಮನೇಲಿ ಅರ್ಧ ಲೋಟ ಕಾಫಿ ಬಿಟ್ಟರೆ "ಯಾಕಪ್ಪಾ, ಚೆನ್ನಾಗಿಲ್ವಾ" ಅಂತಾರೆ. ಹಾಗಾಗಿ ಕೊಟ್ಟದ್ದನ್ನ ಮುಗಿಸೋದೇ ಮರ್ಯಾದೆ ಅಂದ್ಕೊಂಡೆ. ಬುಜಾಂಗ್‌ನಿಮ್, ಅಂದ್ರೆ ನಮ್ಮ ಡಿಪಾರ್ಟ್‌ಮೆಂಟ್ ಹೆಡ್ಡು, ಸೋಜು ಹಾಕಿದ್ರು. ಎರಡು ಕೈಲಿ ಹಿಡಿದು, ಹಿರಿಯರ ಎದುರು ಮುಖ ಪಕ್ಕಕ್ಕೆ ತಿರುಗಿಸಿ ಕುಡಿದೆ. ಅದನ್ನೆಲ್ಲ ಸರಿಯಾಗೇ ಕಲಿತು ಹೋಗಿದ್ದೆ. ಅಲ್ಲಿ ಪದ್ಧತಿ ಏನಪ್ಪಾ ಅಂದ್ರೆ, ಪಕ್ಕದವರ ಗ್ಲಾಸ್ ಖಾಲಿ ಇರೋಕೆ ಬಿಡಬಾರದು. ಆದರೆ ಸ್ವಲ್ಪ ಉಳಿದಿದ್ರೆ ಅದರ ಮೇಲೆ ಸುರಿಯೋದೂ ಇಲ್ಲ. ಅಂದ್ರೆ ಖಾಲಿ ಗ್ಲಾಸ್ ಅಂದ್ರೇನೇ "ಇನ್ನೂ ಹಾಕಿ" ಅಂತ. ಮದುವೆ ಊಟದಲ್ಲಿ ಎಲೆ ಮೇಲೆ ಕೈ ಅಡ್ಡ ಹಿಡೀತೀವಲ್ಲ, ಅಲ್ಲಿ ಗ್ಲಾಸಲ್ಲಿ ಬಿಟ್ಟ ಅರ್ಧ ಗುಟುಕೇ ಆ ಕೈ. ನಾನು ಮರ್ಯಾದೆಗೆ ಅಂತ ಮುಗಿಸ್ತಾ ಹೋದೆ, ಅವರು ಮರ್ಯಾದೆಗೆ ಅಂತ ತುಂಬಿಸ್ತಾ ಹೋದರು. 360 ಎಂಎಲ್ ಬಾಟಲಿಗೆ ಸುಮಾರು ಏಳು ಗ್ಲಾಸ್ ಆಗತ್ತೆ. ಎಷ್ಟು ಬಾಟಲಿ ಅಂತ ಲೆಕ್ಕ ಇಟ್ಟಿದ್ದು ಬಿಲ್ಲು ಮಾತ್ರ.

ಆಮೇಲೆ ಎರಡನೇ ಸುತ್ತಿಗೆ ಬೇರೆ ಅಂಗಡಿ, ಅಲ್ಲಿ ಬಿಯರ್‌ಗೆ ಸೋಜು ಬೆರೆಸಿದ ಸೋಮೆಕ್. ಅದು ಸರಿಯಾಗಿ ನೆನಪಿಲ್ಲ.

ಬೆಳಗ್ಗೆ ಹತ್ತಕ್ಕೆ ಡೆಮೋ. ಲ್ಯಾಪ್‌ಟಾಪ್ ಬ್ಯಾಗಿಲ್ಲ. ಓಡಿದೆ. ಹೋಫ್‌ನ ಗಾಜಿನ ಬಾಗಿಲಿಗೆ ಮುಖ ಒತ್ತಿ ನೋಡಿದ್ರೆ ಒಳಗೆ ಕೌಂಟರ್ ಪಕ್ಕದ ಕುರ್ಚಿ ಮೇಲೆ ನನ್ನ ಬ್ಯಾಗು, ಮಗು ಕೂತ ಹಾಗೆ ಕೂತಿದೆ. ಅಂಗಡಿ ತೆಗೆಯೋದು ಸಂಜೆ ಐದಕ್ಕೆ. ಡೆಮೋ ಇನ್ಯಾರೋ ಹಳೇ ಸ್ಲೈಡ್ ಇಟ್ಟುಕೊಂಡು ಮಾಡಿದ್ರು. ಆರು ತಿಂಗಳಿಗೆ ಮುಂದುವರಿಸೋ ಮಾತಿತ್ತು, ಆಮೇಲೆ ಅದನ್ನ ಯಾರೂ ಎತ್ತಲೇ ಇಲ್ಲ. ಬುಜಾಂಗ್‌ನಿಮ್ ಎಂಟೂವರೆಗೇ ಇಸ್ತ್ರಿ ಶರ್ಟಲ್ಲಿ ಬಂದು ಕೂತಿದ್ರಂತೆ.

ಹಾಗಾಗಿ "ತಡೆದುಕೊಳ್ಳೋದು ಹೇಗೆ" ಅನ್ನೋ ನಿಮ್ಮ ಪ್ರಶ್ನೆಯೇ ತಪ್ಪು. ತಡೆದುಕೊಂಡು ನಿಮಗೇನು ಪದಕ ಕೊಡ್ತಾರಾ? ನಮ್ಮ ಟೀಮಲ್ಲೇ ಒಬ್ಬ ಹುಡುಗ ಒಂದು ಹನಿ ಕುಡಿದಿರಲಿಲ್ಲ. ಅವನ ಸೋಜು ಗ್ಲಾಸಲ್ಲಿ ಇಡೀ ರಾತ್ರಿ ಇದ್ದಿದ್ದು ಸೈಡಾ, ಸ್ಪ್ರೈಟ್ ಥರದ್ದು. ಎಲ್ಲರ ಜೊತೆ "ಗನ್‌ಬೆ", ಅಂದ್ರೆ ಚಿಯರ್ಸ್, ಅಂದ, ಎಲ್ಲರಿಗೂ ತಾನೇ ಹಾಕಿಕೊಟ್ಟ. ಪಕ್ಕದಲ್ಲೇ ಕೂತ ನನಗೇ ಗೊತ್ತಾಗಲಿಲ್ಲ. ಅವರಿಗೆ ಬೇಕಾಗಿರೋದು ನಿಮ್ಮ ಗ್ಲಾಸ್ ಮೇಲೆ ಬರೋದು, ಒಳಗೇನಿದೆ ಅನ್ನೋದಲ್ಲ.

ಸಸ್ಯಾಹಾರಿ ಅಂತಾನೂ ಬರೆದಿದ್ದೀರಿ. ಕಿಮ್ಚಿಗೆ, ಅಂದ್ರೆ ಅಲ್ಲಿನ ಹುಳಿಬರಿಸಿದ ಎಲೆಕೋಸಿನ ಉಪ್ಪಿನಕಾಯಿಗೆ, ಸಾಮಾನ್ಯವಾಗಿ ಉಪ್ಪು ಸೀಗಡಿ ಇಲ್ಲಾ ಮೀನಿನ ಸಾಸ್ ಬಿದ್ದಿರತ್ತೆ, ಮುಟ್ಟಬೇಡಿ. ಫಿಂಗರ್ ಚಿಪ್ಸ್, ಚೀಸ್ ಹಾಕಿದ ಜೋಳ ಸಿಗತ್ತೆ; ಜೋಳದಲ್ಲಿ ಹ್ಯಾಮ್ ಇದೆಯಾ ಅಂತ ಕೇಳಿ. ಮೊಟ್ಟೆ ನಡೆಯತ್ತೆ ಅಂದ್ರೆ ಸುರುಳಿ ಆಮ್ಲೆಟ್ ತರಿಸಿ.

ಬ್ಯಾಗು ತರೋಕೆ ಸಂಜೆ ಅದೇ ಸೈಡಾ ಹುಡುಗ ಜೊತೆಗೆ ಬಂದ. ಅಂಗಡಿಯಾಕೆಯನ್ನ "ಇಮೊ" ಅಂತ ಕರೆದ, ಅಂದ್ರೆ ಚಿಕ್ಕಮ್ಮ. ಆಕೆ ಬ್ಯಾಗು ಕೊಟ್ಟು, ನಮ್ಮನ್ನ ಕೂರಿಸಿ, ಜೋಳದ ಪುರಿ ಇಟ್ಟರು. ಹುಡುಗ ನನಗೆ ಸೈಡಾ ಹಾಕಿದ. ಅರ್ಧ ಕುಡಿದು ಕೆಳಗಿಟ್ಟೆ. ಬಾಟಲಿ ಎತ್ತಿದವನು ನನ್ನ ಗ್ಲಾಸ್ ನೋಡಿ ಸುಮ್ಮನೆ ವಾಪಸ್ ಇಟ್ಟ.