8 ಸೆಂ.ಮೀ. ದಪ್ಪ ಇದ್ದರೂ ಬೆನ್ನಿಗೆ ಚಳಿ ಯಾಕೆ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಕಕ್ಕಬ್ಬೆ ಹತ್ತಿರ ನೆಂಟರ ತೋಟದಲ್ಲಿ ಟೆಂಟ್ ಹಾಕಿ ಮಲಗಿದ್ದೆವು, ಬೆಳಗ್ಗೆ ಎದ್ದು ತಡಿಯಂಡಮೋಳ್ ಹತ್ತುವ ಅಂತ. ಕೆಳಗೆ ಹಾಸಲು 8 ಸೆಂ.ಮೀ. ದಪ್ಪದ, ಗಾಳಿ ಊದುವ ಪ್ಯಾಡ್ ಇತ್ತು, ಒಳ್ಳೆಯ ಸ್ಲೀಪಿಂಗ್ ಬ್ಯಾಗೂ ಇತ್ತು. ಆದರೂ ಬೆನ್ನ ಕಡೆಯಿಂದ ಚಳಿ ಕೊರೆದು ನಿದ್ದೆಯೇ ಬರಲಿಲ್ಲ. ನಸುಕಿಗೆ ಪ್ಯಾಡ್ ಮೆತ್ತಗೂ ಆಗಿತ್ತು, ಹುಡುಕಿದರೆ ತೂತು ಸಿಗಲಿಲ್ಲ. ಮುಂದಿನ ಚಳಿಗಾಲಕ್ಕೆ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗುವ ಯೋಚನೆ ಇದೆ. ಎರಡಕ್ಕೂ ಒಂದೇ ಪ್ಯಾಡ್ ಆಗುತ್ತಾ?
– ಓದುಗರು, ವಿರಾಜಪೇಟೆ

ಉತ್ತರ: ದಪ್ಪ ನೋಡಿ ತಗೊಂಡಿರಿ ಅಲ್ವಾ? ಅಂಗಡಿಯಲ್ಲಿ ಒತ್ತಿ ನೋಡಿದರೆ ಗೊತ್ತಾಗುವುದು ಅದೊಂದೇ, ಹಾಗಾಗಿ ಎಲ್ಲರೂ ಅದನ್ನೇ ನೋಡುತ್ತಾರೆ. ದಪ್ಪ ಇದ್ದರೆ ಕಲ್ಲು, ಬೇರು ಒತ್ತುವುದಿಲ್ಲ, ಅಷ್ಟೇ. ಬೆಚ್ಚಗಿರುವುದು ಬೇರೆ ವಿಷಯ.

ಒಳಗೆ ಬರೀ ಗಾಳಿ ಇರುವ ಪ್ಯಾಡ್‌ನಲ್ಲಿ ಆ ಗಾಳಿ ಸುಮ್ನೆ ಕೂರುವುದಿಲ್ಲ. ನೀವು ಹೊರಳಿದಾಗಲೆಲ್ಲ ಅದೂ ಅಲುಗಾಡಿ ನಿಮ್ಮ ಮೈಯ ಬಿಸಿಯನ್ನು ಕೆಳಗಿನ ನೆಲಕ್ಕೆ ಸಾಗಿಸುತ್ತಾ ಇರುತ್ತದೆ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ಒಳ್ಳೆಯದಿದ್ದರೂ ಬೆನ್ನಡಿಯ ಭಾಗ ಭಾರಕ್ಕೆ ಚಪ್ಪಟೆಯಾಗಿರುತ್ತದೆ, ಅಲ್ಲಿ ಅದರಿಂದ ಉಪಯೋಗ ಕಡಿಮೆ. ಕೆಳಗಿನ ಚಳಿ ತಡೆಯಬೇಕಾದದ್ದು ಪ್ಯಾಡೇ.

ಅದಕ್ಕೆ ನೋಡಬೇಕಾದದ್ದು ಆರ್ ವ್ಯಾಲ್ಯೂ. ಬಿಸಿ ದಾಟಿ ಹೋಗದಂತೆ ಪ್ಯಾಡ್ ಎಷ್ಟು ತಡೆಯುತ್ತದೆ ಅನ್ನುವ ಅಳತೆ ಅದು. ಪ್ಯಾಡ್‌ನ ಒಂದು ಕಡೆ ಬಿಸಿ ತಟ್ಟೆ, ಇನ್ನೊಂದು ಕಡೆ ತಣ್ಣನೆ ತಟ್ಟೆ ಇಟ್ಟು, ಬಿಸಿಯನ್ನು ಹಾಗೆಯೇ ಉಳಿಸಲು ಎಷ್ಟು ಕರೆಂಟ್ ಬೇಕು ಅಂತ ಅಳೆಯುತ್ತಾರೆ. ಮೊದಲು ಒಂದೊಂದು ಕಂಪನಿ ಒಂದೊಂದು ರೀತಿ ಅಳೆದು ಬರೆದುಕೊಳ್ಳುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಅನ್ನುವ ಒಂದೇ ಮಾನದಂಡ ಬಂದ ಮೇಲೆ ಹೋಲಿಸಿ ನೋಡಲು ಆಗುತ್ತದೆ. ಈ ನಂಬರ್ ಎಲ್ಲೂ ಬರೆದಿಲ್ಲ, ಬರೀ 'ಅಲ್ಟ್ರಾ ವಾರ್ಮ್' ಅಂತ ಇದ್ದರೆ ಆ ಪ್ಯಾಡ್ ಅಲ್ಲೇ ಬಿಡಿ.

ಥರ್ಮಾರೆಸ್ಟ್ ಕಂಪನಿಯ ನಿಯೋಏರ್ ಎಕ್ಸ್‌ಲೈಟ್ ಎನ್‌ಎಕ್ಸ್‌ಟಿ ಅನ್ನುವ ಗಾಳಿ ಪ್ಯಾಡ್ 7.6 ಸೆಂ.ಮೀ. ದಪ್ಪ, ಅಂದರೆ ನಿಮ್ಮದಕ್ಕಿಂತ ಸ್ವಲ್ಪ ತೆಳು. ತೂಕ ಸುಮಾರು 370 ಗ್ರಾಂ, ಆರ್ ವ್ಯಾಲ್ಯೂ 4.5. ಒಳಗೆ ಬಿಸಿಯನ್ನು ಹಿಂದಕ್ಕೆ ಕಳಿಸುವ ಹಾಳೆ, ಗಾಳಿ ಓಡಾಡದಂತೆ ಸಣ್ಣ ಸಣ್ಣ ಗೂಡು ಇವೆ. ಬೆಲೆ ಮಾತ್ರ ಕೇಳಬೇಡಿ. ಅದನ್ನೇ ತಗೊಳ್ಳಿ ಅಂತ ಹೇಳುತ್ತಿಲ್ಲ, ದಪ್ಪಕ್ಕೂ ಬಿಸಿಗೂ ಸಂಬಂಧ ಎಷ್ಟು ಕಡಿಮೆ ಅಂತ ತೋರಿಸಲು ಹೇಳಿದೆ.

ಕೊಡಗಿನಲ್ಲಿ ಡಿಸೆಂಬರ್, ಜನವರಿ ರಾತ್ರಿ ಸಾಮಾನ್ಯವಾಗಿ 10ರಿಂದ 14 ಡಿಗ್ರಿ. ಇದಕ್ಕೆ ಆರ್ 2ರಿಂದ 3 ಧಾರಾಳ. ಕೇದಾರಕಂಠ ಸುಮಾರು 3,800 ಮೀಟರ್ ಎತ್ತರ, ಚಳಿಗಾಲದಲ್ಲಿ ಹಿಮದ ಮೇಲೇ ಟೆಂಟ್. ಅಲ್ಲಿಗೆ 5 ಅಥವಾ ಅದಕ್ಕಿಂತ ಜಾಸ್ತಿ ಬೇಕು. ಹಾಗಂತ 5ರ ಪ್ಯಾಡ್ ತಂದು ತೋಟದಲ್ಲಿ ಮಲಗುವುದು ದುಡ್ಡು ದಂಡ. ಒಂದರ ಮೇಲೊಂದು ಹಾಕಿದರೆ ಆರ್ ವ್ಯಾಲ್ಯೂ ಕೂಡಿಕೊಳ್ಳುತ್ತದೆ, ನಾನಾದರೆ ಇದನ್ನೇ ಉಪಯೋಗಿಸಿಕೊಳ್ಳುತ್ತೇನೆ. 3ರಿಂದ 3.5ರ ಗಾಳಿ ಪ್ಯಾಡ್ ಒಂದು, ಮಡಚುವ ಫೋಮ್ ಮ್ಯಾಟ್ ಒಂದು. ಸುಮಾರು 2 ಸೆಂ.ಮೀ. ದಪ್ಪದ ಒಳ್ಳೆಯ ಫೋಮ್ ಮ್ಯಾಟ್‌ಗೆ ಆರ್ 2 ಇರುತ್ತದೆ. ಹಿಮಕ್ಕೆ ಎರಡೂ ಹೊತ್ತುಕೊಂಡು ಹೋಗಿ, ಫೋಮ್ ಕೆಳಗೆ ಹಾಕಿ. ಊರಲ್ಲಿ ಗಾಳಿ ಪ್ಯಾಡ್ ಒಂದೇ ಸಾಕು. ಮಧ್ಯರಾತ್ರಿ ಗಾಳಿ ಪ್ಯಾಡ್ ಕೈಕೊಟ್ಟರೂ ಫೋಮ್ ಇರುತ್ತದಲ್ಲ.

ಮೆತ್ತಗಾದ ವಿಷಯಕ್ಕೆ ಬಂದರೆ, ತೂತು ಇಲ್ಲದೆಯೂ ಹಾಗಾಗುತ್ತದೆ. ಬಾಯಿಂದ ಊದಿದ ಗಾಳಿ ಹೆಚ್ಚುಕಡಿಮೆ ಮೈಯಷ್ಟೇ ಬಿಸಿ. ರಾತ್ರಿ 12 ಡಿಗ್ರಿಗೆ ಇಳಿದರೆ ಅದು ಶೇಕಡಾ 7-8ರಷ್ಟು ಕುಗ್ಗುತ್ತದೆ. ಮಲಗುವ ಮುಂಚೆ ಇನ್ನೆರಡು ಸಲ ಊದಿ ಬಿಡಿ. ಮತ್ತೆ ಮತ್ತೆ ಇಳಿಯುತ್ತಿದ್ದರೆ ಮಾತ್ರ ಸೋಪು ನೀರು ಸವರಿ ಗುಳ್ಳೆ ಬರುತ್ತಾ ನೋಡಿ, ವಾಲ್ವ್ ಸುತ್ತ ಮೊದಲು.

ಪ್ಯಾಡ್‌ನ ಬಟ್ಟೆ 30 ಡೆನಿಯರ್‌ಗಿಂತ (ನೂಲು ಎಷ್ಟು ದಪ್ಪ ಅನ್ನುವ ಅಳತೆ) ತೆಳು ಇದ್ದರೆ ನಮ್ಮ ತೋಟದಲ್ಲಿ ಭಯವೇ. ಕಪಾತು ಮಾಡಿ ಬಿಟ್ಟ ರೆಂಬೆ ತುಂಡು, ಲಂಟಾನ ಮುಳ್ಳು ಎಲ್ಲ ಕಡೆ ಬಿದ್ದಿರುತ್ತವೆ. ಕೈಯಲ್ಲೇ ಸವರಿ ನೋಡಿ, ಕೆಳಗೊಂದು ಟಾರ್ಪಾಲ್ ಹಾಕಿ. ಕಾಫಿ ಒಣಗಿಸುವ ಕಣದ ಸಿಮೆಂಟ್ ನೆಲದಲ್ಲಿ ಮುಳ್ಳಿನ ಭಯ ಇಲ್ಲ, ಆದರೆ ಸಿಮೆಂಟ್ ಬಿಸಿ ಎಳೆಯುತ್ತದೆ. ಡಿಸೆಂಬರ್‌ನಲ್ಲಿ ಕಣ ಖಾಲಿ ಸಿಕ್ಕಿದರೆ ಅದು ನಿಮ್ಮ ಪುಣ್ಯ ಬಿಡಿ.

ಅಗಲ: ಸಾಮಾನ್ಯ ಪ್ಯಾಡ್ 51 ಸೆಂ.ಮೀ., ಅಗಲದ್ದು 64 ಸೆಂ.ಮೀ. ಮಗ್ಗುಲಾಗಿ ಮಲಗುವವರು, ಭುಜ ಅಗಲ ಇರುವವರು ಅಗಲದ್ದೇ ತಗೊಳ್ಳಿ. ಕೈ ಜಾರಿ ನೆಲಕ್ಕೆ ತಾಗಿದರೆ ಎಂಥ ಆರ್ ವ್ಯಾಲ್ಯೂ ಇದ್ದೂ ಏನು ಬಂತು?

ಪ್ರಶ್ನೆ: ಮಳೆಗಾಲದಲ್ಲಿ ಪ್ಯಾಡ್ ಅಟ್ಟದ ಮೇಲಿಟ್ಟಿದ್ದೆ. ತೆಗೆದರೆ ಕಪ್ಪು ಚುಕ್ಕೆ, ಮುಗ್ಗಲು ವಾಸನೆ. ಉಳಿಸಬಹುದಾ?
– ಓದುಗರು, ಸೋಮವಾರಪೇಟೆ

ಉತ್ತರ: ಹೊರಗಿನದ್ದಾದರೆ ಉಗುರುಬೆಚ್ಚಗಿನ ಸೋಪು ನೀರಲ್ಲಿ ಒರೆಸಿ, ವಾಲ್ವ್ ಮುಚ್ಚಿಕೊಂಡು, ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಊದಿ ಇಡಬೇಡಿ, ಒಳಗಿನ ಗಾಳಿ ಹಿಗ್ಗಿ ಗೂಡಿನ ಅಂಟು ಬಿಡುತ್ತದೆ. ಒಳಗೇ ಬೂಸ್ಟು ಹಿಡಿದಿದ್ದರೆ ಮಾಡುವಂಥದ್ದು ಹೆಚ್ಚೇನಿಲ್ಲ. ಬಾಯಿಂದ ಊದಿದಾಗ ಉಸಿರಿನ ತೇವ ಒಳಗೇ ಉಳಿಯುವುದು ಇದಕ್ಕೆ ಕಾರಣ. ಹಾಗಾಗಿ ಹೊರಗಿನ ಗಾಳಿ ಹಿಡಿದು ಪ್ಯಾಡ್‌ಗೆ ಒತ್ತುವ ಪಂಪ್ ಚೀಲ ಬಳಸಿ, ಅದರಲ್ಲಿ ಬೇಗ ತುಂಬುತ್ತದೆ, ತಲೆಸುತ್ತೂ ಬರುವುದಿಲ್ಲ. ಮನೆಯಲ್ಲಿ ಬಿಗಿಯಾಗಿ ಸುತ್ತಿಡದೆ, ವಾಲ್ವ್ ತೆರೆದು, ಬಟ್ಟೆ ಬೀರುವಿನ ಹಿಂದೆಯೋ ಮಂಚದಡಿಯೋ ಬಿಚ್ಚಿ ಹಾಸಿಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಟ್ಟ ಬೇಡ. ಅಲ್ಲಿ ಇಲಿಯೂ ಇರುತ್ತದೆ.