ಲಿಲ್-ಸುರ್-ಲಾ-ಸೋರ್ಗ್‌ಗೆ ವಸಂತದಲ್ಲಿ ಯಾವಾಗ ಹೋಗಬೇಕು?

ದಕ್ಷಿಣ ಫ್ರಾನ್ಸಿನ ಈ ಪಟ್ಟಣಕ್ಕೆ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಹೋಗಿ. ಭಾನುವಾರ ಬೆಳಗಿನ ಸಂತೆಗಾಗಿ ಶನಿವಾರ ರಾತ್ರಿ ಊರಲ್ಲೇ ಉಳಿಯಿರಿ. ಈಸ್ಟರ್ ಹೊತ್ತಿಗೆ ಹಳೆಯ ವಸ್ತುಗಳ ದೊಡ್ಡ ಮೇಳ ನಡೆಯುತ್ತದೆ. ಅದನ್ನೇ ನೋಡಬೇಕಿದ್ದರೆ ಸರಿ, ಇಲ್ಲದಿದ್ದರೆ ಆ ದಿನಗಳು ಬೇಡ: ರೂಮು ಸಿಗುವುದು ಕಷ್ಟ.

ವಸಂತವೇ ಏಕೆಂದರೆ, ನೀರು. ಪಟ್ಟಣದ ಕಾಲುವೆಗಳಲ್ಲಿ ಹರಿಯುವ ಸೋರ್ಗ್ ನದಿ ಸುಮಾರು 7 ಕಿ.ಮೀ. ದೂರದ ಹಳ್ಳಿ ಫೋಂಟೇನ್-ದ-ವೋಕ್ಲೂಸ್‌ನ ಕಡಿಬಂಡೆಯ ಬುಡದ ಗುಹೆಯಲ್ಲಿ ಹುಟ್ಟುತ್ತದೆ. ಮೋಂ ವಾಂಟು ಬೆಟ್ಟ ಮತ್ತು ಪಕ್ಕದ ಸುಣ್ಣಕಲ್ಲಿನ ಪ್ರಸ್ಥಭೂಮಿಯ ಮೇಲೆ ಬಿದ್ದ ಮಳೆ, ಕರಗಿದ ಹಿಮ ಬಿರುಕುಗಳಲ್ಲಿ ಇಳಿದು ಇಲ್ಲಿ ಹೊರಬರುತ್ತದೆ. ಒಳ್ಳೆ ಮಳೆಯಾದ ವರ್ಷ ವಸಂತದಲ್ಲಿ ಕೊಳ ತುಂಬಿ, ಪಾಚಿಗಟ್ಟಿದ ಬಂಡೆಗಳ ಮೇಲೆ ನೀರು ಧುಮ್ಮಿಕ್ಕುತ್ತದೆ. ಅಲ್ಲಿನ ಬೇಸಿಗೆ ಕೊನೆಗೆ (ಆಗಸ್ಟ್-ಸೆಪ್ಟೆಂಬರ್) ಹೋದರೆ ಗುಹೆಯ ಆಳದಲ್ಲಿ ನಿಂತ ಹಸಿರು ನೀರಷ್ಟೇ.

ಹತ್ತಿರದ ನಗರ ಅವಿನ್ಯೋಂನ ಸೆಂಟರ್ ನಿಲ್ದಾಣದಿಂದ ಪಟ್ಟಣಕ್ಕೆ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ. ಅವಿನ್ಯೋಂ ಊರಾಚೆಯ ಟಿಜಿವಿ (ಅತಿವೇಗದ ರೈಲು) ನಿಲ್ದಾಣ ಬೇರೆ, ಗಮನಿಸಿ. ಭಾನುವಾರದ ಸಂತೆಗೆ 9 ಗಂಟೆಯೊಳಗೆ ಹೋಗಿ, ಮಧ್ಯಾಹ್ನಕ್ಕೆ ಅಂಗಡಿ ಎತ್ತುತ್ತಾರೆ. ಬಿಸಿಲು ಕಂಡು ಮೋಸಹೋಗಬೇಡಿ: ಉತ್ತರದಿಂದ ರೋನ್ ಕಣಿವೆಯಲ್ಲಿ ನುಗ್ಗುವ ಮಿಸ್ಟ್ರಾಲ್ ಗಾಳಿ ಕೊರೆಯುತ್ತದೆ, ಗಾಳಿ ತಡೆಯುವ ಜಾಕೆಟ್ ಇರಲಿ. ಲ್ಯಾವೆಂಡರ್ ಹೂವಿನ ಆಸೆ ಇದ್ದರೆ ಜೂನ್ ಕೊನೆಯವರೆಗೆ ಕಾಯಬೇಕು.